ಫೋಟೋದಲ್ಲಿದ್ದ ಮೂಲೆ

ಮಾರ್ಚ್ 3

ಅಷ್ಟಕ್ಕೇ ಮುಗೀಲಿಲ್ಲ ಅಕ್ಕಾ. ಬಸ್ಸು ತಪ್ಪಿದ್ದು, ದಾರೀಲಿ ಶೂ ಬಾಯಿ ಬಿಟ್ಟಿದ್ದು, ಅದೆಲ್ಲ ಬರೀ ಮುನ್ನುಡಿ. ಕ್ಲಾಸಲ್ಲಿ ಹೋಗಿ ಕೂತು ಎರಡು ನಿಮಿಷ ಆಗಿಲ್ಲ, ಪಕ್ಕದಲ್ಲಿದ್ದ ವಯಸ್ಸಾದೋರು ಮೂಗು ಒಂಚೂರು ಸೊಟ್ಟ ಮಾಡಿ, ಕುರ್ಚಿ ಎತ್ಕೊಂಡು ಕಿಟಕಿ ಹತ್ರ ಹೋಗಿ ಕೂತ್ರು. ಗಾಳಿ ಬೇಕಂತೆ. ಹೊರಗೆ ಮೈ ಕೊರೆಯೋ ಚಳಿ. ಹಲ್ಲಿನ ಡಾಕ್ಟ್ರಂತೆ ಅವರು, ರಿಟೈರಾಗಿದ್ದಾರೆ. ನಲವತ್ತು ವರ್ಷ ಕಂಡೋರ ಬಾಯೊಳಗೆ ಮೂಗಿಟ್ಕೊಂಡು ಬದುಕಿದ ಮನುಷ್ಯನಿಗೆ ನನ್ನ ವಾಸನೆ ತಡ್ಕೊಳ್ಳೋಕೆ ಆಗಲಿಲ್ಲ ನೋಡು.

ನಿಜ ಹೇಳ್ಬೇಕಂದ್ರೆ ನನಗೂ ಆಗಲ್ಲ. ಆರು ದಿನ ಮೀನಿನ ಹೊಟ್ಟೆ ಸೀಳಿ ಕರುಳು ಕಿತ್ತು ಬಕೆಟ್ಟಿಗೆ ಹಾಕೋನು ಏಳನೇ ದಿನ ಮಲ್ಲಿಗೆ ಥರ ಘಮಘಮ ಅಂತಾನಾ? ನಿಂಬೆಹಣ್ಣು ತಿಕ್ಕಿದೆ, ಬಟ್ಟೆ ಸೋಪು ತಿಕ್ಕಿದೆ, ಕೊನೆಗೆ ಟೂತ್‌ಪೇಸ್ಟೂ ತಿಕ್ಕಿದೆ. ಉಗುರಿನ ಸಂದೀಲಿ ಕೂತ್ಕೊಂಡಿರುತ್ತೆ, ಬಾಡಿಗೆ ಇಲ್ಲದ ಬಿಡಾರ. ಥೂ.

ಏನು ಕ್ಲಾಸು ಅಂತ ಹೇಳ್ತೀನಿ, ನಗಬಾರದು. ಬೈಂಡಿಂಗು. ಕೈಯಲ್ಲಿ ಪುಸ್ತಕ ಹೊಲಿಯೋದು, ರಟ್ಟಿನ ಪೆಟ್ಟಿಗೆ ಮಾಡೋದು. ಹೂಂ, ನಾನೇ. ಅಪ್ಪನ ಬೈಂಡಿಂಗ್ ಅಂಗಡೀಲಿ ಹುಳಿ ಬಂದ ಮೈದಾ ಅಂಟಿಗೆ ಓಕರಿಸಿ ಓಡಿಬಂದೋನು, ಈಗ ಇಷ್ಟು ದೂರ, ಪರದೇಶಕ್ಕೆ ಬಂದು ಅದೇ ಅಂಟಿನ ಡಬರಿಗೆ ಕೈ ಹಾಕಿದೀನಿ. ಇಲ್ಲಿ ಅದನ್ನ ದಿನಾ ಹೊಸದಾಗಿ ಕಾಯಿಸಿ, ಬಿಳೀ ಪಿಂಗಾಣಿ ಬಟ್ಟಲಲ್ಲಿ ಬಡಿಸ್ತಾರೆ. ಕಾಗದದ ಮಡಿಕೆ ತೀಡೋಕೆ ಕೊಟ್ಟಿರೋದು ಮೂಳೆ ಪಟ್ಟಿ, ಯಾವ ದನದ್ದೋ ಕಾಲಿನ ಮೂಳೆ. ಉಳಿದೋರೆಲ್ಲ ವಾರಪೂರ್ತಿ ಕಂಪ್ಯೂಟರ್ ನೋಡಿ ಬೇಜಾರಾಗಿ ಬರೋರು. ಅಂಟು ಬೆರಳಿಗೆ ತಾಗಿದ್ರೆ ಕಣ್ಣು ಮುಚ್ಕೊಂಡು ಆಹಾ ಅಂತಾರೆ. ನೋಡಿದ್ರೆ ಮೈಯೆಲ್ಲ ಪರಚ್ಕೋಬೇಕು ಅನ್ಸುತ್ತೆ.

ಆದ್ರೂ ಯಾಕೆ ಹೋಗ್ತೀನಿ ಅಂದ್ರೆ, ಎಂಟು ಭಾನುವಾರ ಆದ್ಮೇಲೆ ಕಲಿಸೋ ಮೇಡಂ ನಮ್ಮಲ್ಲಿ ಒಬ್ಬರನ್ನ ಕಾಯಂ ಸಹಾಯಕ್ಕೆ ಇಟ್ಕೋತಾರೆ. ಒಬ್ಬರನ್ನೇ. ಬೆಚ್ಚಗಿನ ಕೋಣೆ, ಒಣಗಿದ ನೆಲ, ಕಾಗದ. ಅದು ಸಿಕ್ಕಿದ್ರೆ ಮೀನಿಗೂ ನನಗೂ ಋಣ ತೀರ್ತು. ಸೀಟು ಭರ್ತಿಯಾಗಿತ್ತು, ಏನೋ ಒಂದೆರಡು ಫೋಟೋ ಕಳಿಸಿದ್ದೆ, ನೋಡಿ ಸೇರಿಸ್ಕೊಂಡ್ರು.

ಇದನ್ನ ಫೋನಿಗೆ ಹೇಳ್ತಾ ಇದೀನಿ, ಅದೇ ಅಕ್ಷರ ಮಾಡ್ಕೊಳ್ಳುತ್ತೆ. ದನಿ ಕಳಿಸಿದ್ರೆ ಅಪ್ಪ ಕೇಳಿಸ್ಕೊಂಡು ಅಂಗಡಿಯಿಂದ ಎದ್ದು ಹೋಗ್ತಾರೆ ಅಂದಿದ್ಯಲ್ಲ. ಕಾಗದ ಅಂದ್ಕೊಂಡು ಓದು.

ಇಂತಿ,
ನಿನ್ನ ಗೊಣಗಪ್ಪ


ಮಾರ್ಚ್ 9

ಗೊಣಗಪ್ಪಾ,

ನಗಬಾರದು ಅಂದ್ರೆ ಹೇಗೋ? ಅಂಗಡೀಲಿ ಒಬ್ಬಳೇ ಕೂತು ನಕ್ಕು, ಸೂಜಿ ಬೆರಳಿಗೆ ಚುಚ್ಕೊಂಡೆ. ಮನೇಲಿ ಕಲಿಯೋ ಅಂತ ಕಿವಿ ಹಿಂಡಿ ಕೂರಿಸಿದ್ರೆ ಹಿಂದಿನ ಬಾಗಿಲಿಂದ ಜಾರ್ತಿದ್ದೋನು ನೀನು. ಅಪ್ಪ ನಿನ್ನನ್ನ ಎಳಕೊಂಡು ಬಂದು ಕೂರಿಸೋರು, ನನ್ನನ್ನ ಕಸ ಗುಡಿಸೋಕೆ ಕಳಿಸೋರು. ಕಸ ಗುಡಿಸ್ತಾ ಗುಡಿಸ್ತಾ ನೋಡಿ ಕಲಿತೋಳು ನಾನು.

ಅಪ್ಪನ ಕಣ್ಣು ಮೊದಲಿನ ಹಾಗಿಲ್ಲ. ಮುಂದೆ ಗಲ್ಲಾ ಹತ್ರ ಕೂತ್ಕೋತಾರೆ, ಬಂದೋರ ಜೊತೆ ಮಾತಾಡ್ತಾರೆ. ಹಿಂದಿನ ಕೋಣೆ ನಂದು. ನೀನು ಏನು ಮಾಡ್ತಿದೀಯ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಒಂದು ಮಾತು. ಏನೋ ಫೋಟೋ ಕಳಿಸಿದೆ ಅಂದ್ಯಲ್ಲ. ನೀನು ಒಂದು ಪೆಟ್ಟಿಗೆ ಪೂರ್ತಿ ಮಾಡಿದ್ದನ್ನ ನಾನಂತೂ ನೋಡಿಲ್ಲ. ಏನು ಫೋಟೋ?

ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗು. ಊಟ ಬಿಡಬೇಡ.

ಅಕ್ಕ


ಮಾರ್ಚ್ 17

ಅಕ್ಕಾ,

ಇವತ್ತು ಮೂರನೇ ಕ್ಲಾಸು. ಹೊಲಿಗೆ ಮುಗೀತು, ಪೆಟ್ಟಿಗೆ ಶುರುವಾಯ್ತು. ಡಾಕ್ಟ್ರು ಇನ್ನೂ ಕಿಟಕಿ ಹತ್ರಾನೇ. ಅವರ ಹೊಲಿಗೆ ನೋಡ್ಬೇಕು ನೀನು, ಅಳತೆ ಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ. ನಂದು ನೋಡಿ ಅಯ್ಯೋ ಪಾಪ ಅನ್ನೋ ಥರ ತಲೆ ಆಡಿಸ್ತಾರೆ. ಅವರಿಗೆ ಕೆಲಸ ಬೇಕಾಗಿಲ್ಲ, ಪೆನ್ಶನ್ ಬರುತ್ತೆ, ಮೊಮ್ಮಕ್ಕಳಿಗೆ ಡೈರಿ ಮಾಡ್ಕೊಡ್ತಾರಂತೆ. ಯಾರಿಗೆ ಬೇಡವೋ ಅವರ ಕೈಗೇ ಕೆಲಸ ಒಲಿಯೋದು. ಅಸಹ್ಯ.

ರೂಮಿನದ್ದು ಕೇಳಬೇಡ. ನಾಲ್ಕು ಜನ, ಒಂದು ಕಿಟಕಿ, ಅದೂ ಮೊಳೆ ಹೊಡೆದು ಮುಚ್ಚಿದ್ದು. ಒಬ್ಬನ ಒದ್ದೆ ಸಾಕ್ಸು ನನ್ನ ಮಂಚದ ಕಂಬಿ ಮೇಲೆ ನೇತಾಡುತ್ತೆ. ಅಭ್ಯಾಸಕ್ಕೆ ಅಂತ ತಂದ ರಟ್ಟು ಆ ತೇವಕ್ಕೆ ಹಪ್ಪಳ ಥರ ಎದ್ದು ಕೂತಿದೆ. ಮೇಡಂ ಅದನ್ನ ಎತ್ತಿ, ಮೂಸಿ, ಕೆಳಗಿಟ್ರು. ಮೀನು, ಸಾಕ್ಸು, ಎರಡೂ ಸಿಕ್ಕಿರಬೇಕು.

ಇರಲಿ, ಕೆಲಸದ ಮಾತು. ನೀನು ಪೆಟ್ಟಿಗೆಗೆ ಒಳಗಡೆ ಬಟ್ಟೆ ಮಡಚ್ತೀಯಲ್ಲ, ಅಲ್ಲಿ ಮೂಲೇಲಿ ಮಡಿಕೆ ದಪ್ಪಗಾಗಿ ಏಳೋ ಗಂಟೇ ಕಾಣಲ್ಲ. ಬಟ್ಟೆ ಎಲ್ಲಿ ಮುಗೀತು, ಕಾಗದ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಹೇಗೆ ಮಾಡ್ತೀಯ? ಬಿಡಿಸಿ ಬರಿ. ಕೊನೇ ಭಾನುವಾರ ಎಲ್ಲರೂ ಒಂದೊಂದು ಪುಸ್ತಕದ ಅಳತೆ ತಗೊಂಡು ಅದನ್ನ ಇಡೋ ಪೆಟ್ಟಿಗೆ ಮಾಡಬೇಕು. ಅದರ ಮೇಲೇ ಕೆಲಸ. ಮೇಡಂ ನನ್ನ ಹತ್ರ ಆ ಮೂಲೆ ಎಲ್ಲರೆದುರೂ ಮಾಡಿಸ್ತಾರಂತೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಬೇಗ ಬರಿ.

ನಿನ್ನ ತಮ್ಮ


ಮಾರ್ಚ್ 20

ತಮ್ಮಾ,

ಬರೆದು ತಿಳಿಸೋ ಕೆಲಸ ಅಲ್ಲ ಅದು. ಆದ್ರೂ ಕೇಳಿದೀಯ, ಬರೀತೀನಿ.

ಬಟ್ಟೆ ಹಿಂದೆ ತೆಳು ಕಾಗದ ಅಂಟಿಸ್ತೀವಲ್ಲ, ಅಂಟು ಈಚೆ ಇಳೀದಿರಲಿ ಅಂತ. ಎಲ್ಲರೂ ಆ ಕಾಗದ ಬಟ್ಟೆ ಪೂರ್ತಿಗೂ ಅಂಟಿಸ್ತಾರೆ. ನಾನು ಅಂಚಲ್ಲಿ ಒಂದು ಬೆರಳಗಲ ಖಾಲಿ ಬಿಡ್ತೀನಿ. ಆ ಖಾಲಿ ಅಂಚಿಂದ ಅಡ್ಡ ದಾರ ಒಂದೊಂದೇ ಎಳೀತೀನಿ, ಎಂಟೋ ಹತ್ತೋ. ಉಳಿದ ಎಳೆಗಳು ಹುಲ್ಲಿನ ಹಾಗೆ ಬಿಡಿಬಿಡಿ ನಿಲ್ತವೆ. ಅದಕ್ಕೆ ನೀರಾಗಿರೋ ಅಂಟು ಹಚ್ಚಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಮೂಲೆಯಿಂದ ಆಚೆಗೆ ಬಾಚಬೇಕು. ಒಣಗಿದ್ಮೇಲೆ ದಪ್ಪ ಅನ್ನೋದೇ ಇರಲ್ಲ. ಮೇಲೆ ಕಾಗದ ಹಾಕಿದ್ರೆ ಮುಗೀತು.

ಅಂಗಡೀಲಿ ಸಿಗೋ ರೆಡಿ ಬಟ್ಟೇಲಿ ಆಗಲ್ಲ, ಅದಕ್ಕೆ ಮೊದಲೇ ಕಾಗದ ಅಂಟಿಸಿರ್ತಾರೆ. ದಾರ ಎಳೆಯೋಕೆ ಬರಲ್ಲ. ಸಾದಾ ಹತ್ತಿ ಬಟ್ಟೆ ತಗೋ. ಮತ್ತೆ, ಒಳಗಿನ ಅಳತೆ ಬಟ್ಟೆ, ಕಾಗದ ಎಲ್ಲ ಸೇರಿಸಿ ಲೆಕ್ಕ ಹಾಕು. ಬರೀ ಪುಸ್ತಕ ಅಳೆದ್ರೆ ಸಾಲದು.

ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಹತ್ತು ಹನ್ನೆರಡು ಪೆಟ್ಟಿಗೆ ಹಾಳು ಮಾಡಿ ಕಂಡ್ಕೊಂಡಿದ್ದು. ಹಾಳಾದವನ್ನ ಅಪ್ಪ ನೋಡಬಾರದು ಅಂತ ಒಲೆಗೆ ಹಾಕ್ತಿದ್ದೆ.

ಈಗ ನೀನು ಹೇಳು. ನಿನ್ನ ಕೈಲಿ ಆ ಮೂಲೆ ಮಾಡಿಸಬೇಕು ಅಂತ ನಿಮ್ಮ ಮೇಡಂಗೆ ಯಾಕೆ ಹೊಳೀತು? ಅದು ಇರೋದು ಅವರಿಗೆ ಹೇಗೆ ಗೊತ್ತು? ಫೋಟೋ ಏನು ಅಂತ ಕೇಳಿದ್ದೆ. ಅದಕ್ಕೆ ಉತ್ತರ ಬರಲಿಲ್ಲ.

ಅಕ್ಕ


ಏಪ್ರಿಲ್ 2

ಅಕ್ಕಾ,

ಸಾದಾ ಬಟ್ಟೆ ತಂದು ಮಾಡಿದೆ. ದಾರ ಎಳೆಯೋಕೆ ಹೋದ್ರೆ ಬೆರಳಿಗೆ ಗೊತ್ತೇ ಆಗಲ್ಲ. ಇಡೀ ದಿನ ಐಸಲ್ಲಿ ಕೈ ಹಾಕಿ ಹಾಕಿ ಬೆರಳ ತುದಿ ರಬ್ಬರಾಗಿದೆ. ಎರಡು ದಾರ ಅಂದ್ಕೊಂಡು ಆರು ಎಳೆದಿರ್ತೀನಿ. ಅಂಚು ಹುಲ್ಲು ಥರ ಇರಲ್ಲ, ಹುಚ್ಚಿ ತಲೆ ಥರ ಇರುತ್ತೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಕಸದ ಬುಟ್ಟಿಗೆ. ಬುಟ್ಟೀಲಿ ಯಾರೋ ಉಗುಳಿದ್ದ, ಅದರ ಮೇಲೆ ಬಿತ್ತು. ಅಲ್ಲಿಗೆ ಸರಿಹೋಯ್ತು.

ಫೋಟೋ ವಿಷಯ ಆಮೇಲೆ.

ಗೊಣಗಪ್ಪ


ಏಪ್ರಿಲ್ 5

ಸರಿ. ಆಮೇಲೆ ಅಂದ್ರೆ ಆಮೇಲೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಕುಂಬಳಕಾಯಿ ಅಂತಾನೂ ಅಂದಿರಲಿಲ್ಲ.

ಅಕ್ಕ


ಏಪ್ರಿಲ್ 21

ಅಕ್ಕಾ,

ಕೆಲಸ ಸಿಕ್ತು.

ಖುಷಿಪಡಬೇಡ, ಪೂರ್ತಿ ಓದು.

ಮೇಡಂ ನನಗೆ ಕೊಟ್ಟಿದ್ದು ಗಿರಾಕಿಯೊಬ್ಬರ ಹಳೇ ಚರ್ಮದ ರಟ್ಟಿನ ಪುಸ್ತಕ. ಅವರ ತಾತ ನೋಡಿದ ಹಕ್ಕಿಗಳನ್ನೆಲ್ಲ ಅದರಲ್ಲಿ ಬರ್ಕೊಂಡಿದ್ದಾರೆ. ನಾನು ಹೆದರಿ, ಸಾದಾ ಬಟ್ಟೆ ಬಿಟ್ಟು ರೆಡಿ ಬಟ್ಟೆ ತಗೊಂಡೆ. ನೀನು ಬೇಡ ಅಂದಿದ್ದೇ. ದಾರ ಬರಲಿಲ್ಲ. ಮೂಲೇಲಿ ಗಂಟು ಎದ್ದು ಕೂತ್ಕೊಳ್ತು. ಅದನ್ನ ಮುಚ್ಚೋಕೆ ಒಳಗಡೆ ಇನ್ನೊಂದು ಸುತ್ತು ಕಾಗದ ಹಾಕ್ದೆ, ಅದು ಸಾಲದೆ ಮತ್ತೊಂದು. ಅಳತೆ ಮಾತ್ರ ಮೊದಲಿಂದೇ. ಮಂಗ ಗಾಯ ಕೆರೆದು ದೊಡ್ಡದು ಮಾಡ್ಕೊಂಡ ಹಾಗೆ.

ಪುಸ್ತಕ ಇಟ್ಟೆ. ಬಿಗಿಯಾಗಿತ್ತು, ಒತ್ತಿದೆ, ಉಸ್ ಅಂತ ಗಾಳಿ ಬಿಟ್ಟು ಕೂತ್ಕೊಳ್ತು. ವಾಪಸ್ ಬರಲಿಲ್ಲ. ತಲೆಕೆಳಗೆ ಮಾಡಿ ತಟ್ಟಿದೆ. ಬರಲಿಲ್ಲ. ಎಲ್ಲರೂ ಮೇಜಿನ ಸುತ್ತ ನಿಂತಿದ್ದಾರೆ, ಒಬ್ಬಳು ವಿಡಿಯೋ ಬೇರೆ ಮಾಡ್ತಿದಾಳೆ. ಆಗ ಕಿಟಕಿ ಹತ್ರ ಇದ್ದ ಡಾಕ್ಟ್ರು ಎದ್ದು ಬಂದ್ರು. ಅಂಟಿನ ಕೆಲಸಕ್ಕೆ ಅಂತ ತರ್ತಿದ್ದ ಕೈಚೀಲದಿಂದ, ಹಲ್ಲು ಕೀಳೋಕೆ ಮುಂಚೆ ಒಸಡು ಬಿಡಿಸೋ ತೆಳು ಕಡ್ಡಿ ತೆಗೆದು, ಪುಸ್ತಕಕ್ಕೂ ಗೋಡೆಗೂ ನಡುವೆ ಇಳಿಸಿ, ಸುತ್ತ ಒಂದು ಬಳಸು ಬಂದು, ಬುದ್ಧಿಹಲ್ಲು ಎತ್ತಿದ ಹಾಗೆ ಎತ್ತಿಬಿಟ್ರು. ಪುಸ್ತಕಕ್ಕೆ ಒಂದು ಗೀರೂ ಆಗಲಿಲ್ಲ. ಪೆಟ್ಟಿಗೆ ಒಳಗಿನ ಕಾಗದ ಎಲ್ಲ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಕೆಳಗಿದ್ದ ಗಂಟು ಎಲ್ಲರಿಗೂ ಕಾಣಿಸ್ತು.

ಮೇಡಂ ತಮ್ಮ ಫೋನು ತೆಗೆದು, ನಾನು ಕಳಿಸಿದ್ದ ಫೋಟೋ ಪಕ್ಕ ಇಟ್ಟು ನೋಡಿದ್ರು. ಆಮೇಲೆ ನನ್ನ ಕಡೆ ನೋಡಿ, "ಇದು ಆ ಕೈ ಅಲ್ಲ" ಅಂದ್ರು.

ಅಕ್ಕಾ, ಆ ಹೊತ್ತಿಗೆ ನಿಜ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದಿದ್ದು ಬೇರೆ. ಆ ಕೈ ಇದೇ ಮೇಡಂ, ಎರಡು ವರ್ಷ ಐಸಲ್ಲಿ ಮೀನು ಸೀಳಿ ಹೀಗಾಗಿದೆ ಅಂದೆ. ಅಂದು ಎರಡೂ ಅಂಗೈ ಚಾಚಿ ತೋರಿಸಿದೆ. ಭಿಕ್ಷೆ ಬೇಡೋನ ಹಾಗೆ.

ಕೋಣೆ ಪೂರ್ತಿ ಕರಗಿಹೋಯ್ತು. ವಿಡಿಯೋ ಹುಡುಗಿ ಕಣ್ಣೊರೆಸ್ಕೊಂಡ್ಳು. ಎಂಟು ವಾರ ನನ್ನಿಂದ ದೂರ ಕೂತಿದ್ದ ಡಾಕ್ಟ್ರು ಪಕ್ಕಕ್ಕೆ ಬಂದು, ನನ್ನ ಕೈ ಹಿಡ್ಕೊಂಡು, ಒಂದೊಂದೇ ಬೆರಳಿಗೆ ಏನೋ ಮುಲಾಮು ಹಚ್ಚಿದ್ರು, ತಪ್ಪಾಯ್ತಪ್ಪಾ ಅಂದ್ರು. ಮೇಡಂ, ಬೆಚ್ಚಗಿನ ಜಾಗದಲ್ಲಿದ್ರೆ ಕೈ ಮತ್ತೆ ತಿರುಗುತ್ತೆ, ಬರೋ ತಿಂಗಳ ಮೊದಲ ಸೋಮವಾರದಿಂದ ಬಾ ಅಂದ್ರು.

ಮೀನಿನ ಕರುಳಿಗೆ ಹೇಸಿದೀನಿ, ಸಾಕ್ಸಿಗೆ ಹೇಸಿದೀನಿ. ಇವತ್ತು ಡಾಕ್ಟ್ರು ಮುಲಾಮು ಹಚ್ಚುವಾಗ ಬಂದ ಹೇಸಿಗೆ ಬೇರೆ ಥರದ್ದು. ಬಸ್ ಸ್ಟಾಪಲ್ಲಿ ಮುಲಾಮೆಲ್ಲ ಪ್ಯಾಂಟಿಗೆ ಒರೆಸ್ಕೊಂಡೆ.

ನಿನಗೆ ಆಗಲೇ ಗೊತ್ತು, ಆದ್ರೂ ನನ್ನ ಬಾಯಲ್ಲಿ ಬರಲಿ. ಹೋದ ವರ್ಷ ನೀನು ಕಳಿಸಿದ್ದ ಮೂರು ಪೆಟ್ಟಿಗೆ ಫೋಟೋ. ಅದೇ. ನಂದು ಅಂತ ಕಳಿಸಿದೆ. ಅಂಚಲ್ಲಿ ನಿನ್ನ ಬಳೆ ಕಾಣ್ತಿತ್ತು, ಅದನ್ನ ಕತ್ತರಿಸಿ ಕಳಿಸಿದೆ.

ಬೈಯಿ.

ತಮ್ಮ


ಮೇ 1

ತಮ್ಮಾ,

ಹತ್ತು ದಿನ ಬರೀಲಿಲ್ಲ. ಬೈಯೋಕೆ ಕೂತ್ರೆ ಯಾರನ್ನ ಬೈತಿದೀನಿ ಅಂತ ಗೊತ್ತಾಗ್ತಿರಲಿಲ್ಲ.

ಹೋದ ವಾರ ಒಬ್ಬರು ಗಿರಾಕಿ ಬಂದಿದ್ರು, ಪೆಟ್ಟಿಗೆ ತಿರುಗಿಸಿ ಮುರುಗಿಸಿ ನೋಡಿ, ಎಂಥಾ ಕೈ ಸ್ವಾಮಿ ನಿಮ್ದು ಅಂದ್ರು. ಅಪ್ಪ ಗಲ್ಲಾ ಹತ್ರ ಕೂತು, ಎಲ್ಲ ಅಭ್ಯಾಸ ಬಲ ಅಂದ್ರು. ನಾನು ಹಿಂದಿನ ಕೋಣೇಲಿ ಬ್ರಷ್ ಹಿಡ್ಕೊಂಡು ಕೇಳಿಸ್ಕೊಂಡೆ. ಹನ್ನೊಂದು ವರ್ಷದಿಂದ ಕೇಳಿಸ್ಕೊಳ್ತಾ ಇದೀನಿ. ಕಳ್ಳತನ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಮನೆ ಅಂದ್ರೆ ಹೀಗೇ ಅಂದ್ಕೊಂಡಿದ್ದೆ. ನೀನು ಮಾಡಿದ್ದು ಓದಿದ್ಮೇಲೆ ಮೊದಲ ಸಲ ಅದಕ್ಕೂ ಅದೇ ಹೆಸರು ಹೊಳೀತು. ಈಗ ಅಪ್ಪನಿಗೆ ಊಟ ಬಡಿಸೋಕೂ ಕೈ ಬರ್ತಿಲ್ಲ. ಇದು ನೀನು ಕೊಟ್ಟ ಉಡುಗೊರೆ.

ಆ ಮೂರು ಫೋಟೋ ನಾನು ಬೇರೆ ಯಾರಿಗೂ ಕಳಿಸಿರಲಿಲ್ಲ. ತೋರಿಸೋಕೆ ನನಗೆ ಇದ್ದಿದ್ದು ನೀನೊಬ್ಬನೇ.

ನೀನು ಇಲ್ಲಿದ್ದಾಗಲೂ ಹೇಸಿಗೆ, ಅಲ್ಲಿಗೆ ಹೋದ್ರೂ ಹೇಸಿಗೆ. ಅಂಟು ಹುಳಿ, ಮೀನು ನಾತ, ಮಂದಿ ಹೊಲಸು. ಇಷ್ಟು ಉದ್ದದ ಪಟ್ಟೀಲಿ ನಿನ್ನ ಹೆಸರು ಸೇರೋಕೆ ಎರಡು ವರ್ಷ ಬೇಕಾಯ್ತು.

ಸೋಮವಾರ ಕೆಲಸಕ್ಕೆ ಹೋಗು, ಬಿಡು, ನಿನ್ನಿಷ್ಟ. ಹೋದ್ರೆ ಮಾತ್ರ ಅಲ್ಲಿನ ಸುದ್ದಿ ನನಗೆ ಬರೀಬೇಡ.

ಅಕ್ಕ


ಮೇ 5

ಅಕ್ಕಾ,

ಬರೀಬೇಡ ಅಂದಿದೀಯ. ನಾಳೆ ಕೆಲಸಕ್ಕೆ ಹೋಗ್ತಿಲ್ಲ, ಅದಕ್ಕೆ ಬರೀತಿದೀನಿ.

ಇವತ್ತು ಹೋಗಿದ್ದೆ. ಮೇಡಂ ಹೊಸ ಕ್ಲಾಸಿಗೆ ರಟ್ಟು ಕತ್ತರಿಸ್ತಿದ್ರು. ಡಾಕ್ಟ್ರೂ ಇದ್ರು, ಸಹಾಯಕ್ಕೆ ಅಂತ ಬಂದಿದ್ರು. ನನಗೆ ಅಂತ ಮೊಳೆಗೆ ಹೊಸ ಏಪ್ರನ್ ತೂಗುಹಾಕಿತ್ತು, ಇಸ್ತ್ರಿ ಮಾಡಿ. ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಜೋಡಿಸ್ಕೊಂಡು ಹೋಗಿದ್ದೆಲ್ಲ ಮರೆತೋಯ್ತು. ಬಾಗಿಲಲ್ಲೇ ನಿಂತು ಹೇಳಿದೆ.

"ಆ ಪೆಟ್ಟಿಗೆಗಳು ನಂದಲ್ಲ. ನಮ್ಮಕ್ಕ ಮಾಡಿದ್ದು. ನನ್ನ ಕೈಗೆ ಯಾವತ್ತೂ ಆ ಕೆಲಸ ಬಂದಿಲ್ಲ. ಮೀನು ಸೀಳಿ ಹಾಳಾಗೋಕೆ ಅದರಲ್ಲಿ ಏನೂ ಇರಲಿಲ್ಲ."

ಮೇಡಂ ಕಟರ್ ಕೆಳಗಿಟ್ರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ನನ್ನನ್ನ ನೋಡಿದ ರೀತಿ ಮಾತ್ರ ನನಗೆ ಚೆನ್ನಾಗಿ ಗೊತ್ತು, ಕರುಳಿನ ಬಕೆಟ್ಟು ತುಂಬಿದಾಗ ನಾನು ಅದರೊಳಗೆ ನೋಡೋದು ಹಾಗೇ. ಡಾಕ್ಟ್ರು ತಲೆ ತಗ್ಗಿಸಿ ತಮ್ಮ ಕೈ ನೋಡ್ಕೊಂಡ್ರು, ಆಮೇಲೆ ಹೋಗಿ ನಲ್ಲೀಲಿ ತೊಳ್ಕೊಂಡ್ರು. ಎರಡು ಸಲ ಸೋಪು ಹಾಕಿದ್ರು. ಎಣಿಸಿದೆ.

ಮೇಡಂ ಎದ್ದು ಹೋಗಿ ಏಪ್ರನ್ ಮೊಳೆಯಿಂದ ತೆಗೆದು ಮಡಚಿ ಕಪಾಟಲ್ಲಿ ಇಟ್ರು. ಕೆಲಸದ ಮಾತು ಅಲ್ಲಿಗೆ ಮುಗೀತು, ಹೇಳೋ ಅಗತ್ಯಾನೂ ಬೀಳಲಿಲ್ಲ. ನಾನು ಹೊರಟೆ. ಮೆಟ್ಟಿಲು ಇಳಿದು ಬೀದಿಗೆ ಬಂದಿದ್ದೆ, ಮೇಲಿನ ಕಿಟಕಿಯಿಂದ ಕೂಗಿದ್ರು. ಮತ್ತೆ ಹತ್ತಿ ಹೋದೆ. ನನ್ನ ಮುಖ ನೋಡದೆ, ಗೋಡೆ ಕಡೆ ನೋಡ್ತಾ ಕೇಳಿದ್ರು. ನಿಮ್ಮಕ್ಕ ಎಲ್ಲಿರ್ತಾರೆ, ಯಾರ ಹತ್ರ ಕಲಿತಿದ್ದು. ಯಾರ ಹತ್ರಾನೂ ಇಲ್ಲ, ಕಸ ಗುಡಿಸ್ತಾ ನೋಡಿ ಕಲಿತಿದ್ದು ಅಂದೆ. ಮೂವತ್ತು ವರ್ಷದಿಂದ ಆ ಮೂಲೆ ಜೊತೆ ಗುದ್ದಾಡ್ತಿದೀನಿ, ಅವರು ಒಪ್ಪಿದ್ರೆ ಫೋನಲ್ಲಿ ವಿಡಿಯೋ ಹಾಕಿ ಒಂದ್ಸಲ ಮಾಡಿ ತೋರಿಸ್ತಾರಾ ಅಂದ್ರು. ಅವರ ಹೆಸರಲ್ಲೇ ಕ್ಲಾಸಲ್ಲಿ ಕಲಿಸ್ತೀನಿ, ಪ್ರತಿ ಸಲ ಕಲಿಸುವಾಗಲೂ ಅವರಿಗೆ ಕೊಡಬೇಕಾದ್ದು ಕೊಡ್ತೀನಿ ಅಂದ್ರು. ನಿನ್ನ ನಂಬರ್ ಕೇಳಿದ್ರು.

ಕೊಡಲಿಲ್ಲ. ಅವಳನ್ನ ಕೇಳಬೇಕು ಅಂದೆ. ಅದು ಸರಿ ಅಂದ್ರು. ಅವರು ಇವತ್ತು ನನಗೆ ಸರಿ ಅಂದಿದ್ದು ಅದೊಂದಕ್ಕೇ.

ಒಂದೇ ತೊಡಕು. ನಿನಗೆ ಅವರ ಭಾಷೆ ಬರಲ್ಲ, ಅವರಿಗೆ ನಿಂದು ಬರಲ್ಲ. ನಡುವೆ ಕೂತು ಹೇಳೋಕೆ ನನ್ನನ್ನ ಬಿಟ್ರೆ ಇಲ್ಲಿ ಯಾರೂ ಇಲ್ಲ. ಮತ್ತೆ ನಿನ್ನ ಕೆಲಸ ನನ್ನ ಬಾಯಿಂದ ಬರಬೇಕು ಅಂದ್ರೆ ನಿನಗೆ ಮೈ ಉರಿಯುತ್ತೆ, ಗೊತ್ತು. ನನಗೂ ಹೇಸಿಗೆ ಆಗುತ್ತೆ. ಒಪ್ಪಿದ್ರೆ ಒಂದೊಂದು ಮಾತಿಗೂ ಮೊದಲು "ಅಕ್ಕ ಹೇಳ್ತಾಳೆ" ಅಂತ ಸೇರಿಸ್ತೀನಿ. ದಾರ ಎಳಿ ಅಂತ ಅಕ್ಕ ಹೇಳ್ತಾಳೆ. ನೀರಾಗಿರೋ ಅಂಟು ಹಚ್ಚು ಅಂತ ಅಕ್ಕ ಹೇಳ್ತಾಳೆ. ಬೇಡ ಅಂದ್ರೆ ಬೇಡ, ಅದನ್ನೂ ಅವರಿಗೆ ಹಾಗೇ ಹೇಳ್ತೀನಿ.

ಮಾಡೋದಾದ್ರೆ ಮುಂದಿನ ಅಂಗಡೀಲೇ ಮಾಡು ಅಕ್ಕಾ, ಗಲ್ಲಾ ಪಕ್ಕ. ಅಪ್ಪ ಎದ್ದು ಹೋದ್ರೆ ಹೋಗ್ಲಿ.

ಗುರುವಾರ ಮೀನಿನ ಲಾರಿ ತಡವಾಗಿ ಬರುತ್ತೆ, ನನಗೆ ಅರ್ಧ ಗಂಟೆ ಬಿಡುವು. ನಿಮ್ಮಲ್ಲಿ ಆಗ ಸಂಜೆ ನಾಲ್ಕೂಕಾಲು. ಅಕ್ಷರ ಅಲ್ಲ, ನಿನ್ನ ಉತ್ತರ ಕೇಳೋಕೆ ದನೀಲೇ ಫೋನ್ ಮಾಡ್ತೀನಿ. ಮೂರು ಸಲ ಹೊಡ್ಕೊಂಡ್ರೂ ಎತ್ತಲಿಲ್ಲ ಅಂದ್ರೆ ನನಗೆ ಅರ್ಥ ಆಗುತ್ತೆ. ಗುರುವಾರ, ನಾಲ್ಕೂಕಾಲು.

ತಮ್ಮ